ಎರಡು ಕೋಣೆ, ಒಂದೇ ಹೊತ್ತು

ಅವಳು ಸತ್ತ ವಾರದಲ್ಲೇ ನಮ್ಮ ಗ್ರಾಮ ಪಂಚಾಯ್ತಿಯ ಸಾಮಾನ್ಯ ಸಭೆ ಬಂತು. ಮೊದಲ ವಿಷಯ ಶ್ರದ್ಧಾಂಜಲಿ. ಪಿಡಿಓ ಎದ್ದು ನಿಂತು ಓದಿದರು: “ಮೃತ ಸದಸ್ಯೆಯು ಪಂಚಾಯ್ತಿಯ ಎಲ್ಲ ಕೆಲಸಕಾರ್ಯಗಳಿಗೂ ಸದಾ ಸಹಕಾರ ನೀಡಿದ್ದರು.” ಆಮೇಲೆ ಮೌನಾಚರಣೆ. ಒಂದು ನಿಮಿಷ ಎಂದರು, ಅರ್ಧ ನಿಮಿಷಕ್ಕೇ ಅಧ್ಯಕ್ಷರು ಗಂಟಲು ಸರಿಮಾಡಿಕೊಂಡು ಕುರ್ಚಿ ಎಳೆದುಕೊಂಡರು. ಎರಡನೇ ವಿಷಯ ಬೀದಿ ದೀಪದ ಬಲ್ಬು.

ನನಗೆ ಮೈಯೆಲ್ಲ ಉರಿದುಹೋಯಿತು. ಸಹಕಾರವಂತೆ! ಹುಟ್ಟಿದಾಗಿನಿಂದ ಆ ಹೆಂಗಸು ಯಾರಿಗೂ ಸಹಕಾರ ಕೊಟ್ಟವಳಲ್ಲ. ಗಂಡನಿಗೆ ಕೊಡಲಿಲ್ಲ, ಅತ್ತೆಗೆ ಕೊಡಲಿಲ್ಲ, ಪಂಚಾಯ್ತಿಗಂತೂ ಕೊಡಲೇ ಇಲ್ಲ. ಬದುಕಿದ್ದಾಗ ಅವಳು ‘ಒಲ್ಲೆ’ ಎಂದದ್ದನ್ನು ‘ಹೂಂ’ ಎಂದು ಬರೆದರು. ಸತ್ತ ಮೇಲೂ ಅದನ್ನೇ ಬರೆದರು. ಅದಕ್ಕೇ ಇದನ್ನು ನಾನು ಬರೆಯುತ್ತಿದ್ದೇನೆ. ಅವಳ ಹೆಸರನ್ನು ಮಾತ್ರ ಬರೆಯುವುದಿಲ್ಲ. ಅದನ್ನು ಬೇಡದ ಕಡೆ ಒಮ್ಮೆ ಬರೆದಾಗಿದೆ, ಅಷ್ಟು ಸಾಕು.

ನಾವಿಬ್ಬರೂ ಒಂದೇ ಚುನಾವಣೆಯಲ್ಲಿ ಗೆದ್ದು ಬಂದವರು. ನಮ್ಮ ಊರು ಕಾರವಾರಕ್ಕೂ ಅಂಕೋಲೆಗೂ ನಡುವೆ ಹೆದ್ದಾರಿಯಿಂದ ಒಳಗೆ, ಹಿನ್ನೀರಿನ ಅಂಚಿನಲ್ಲಿದೆ. ನಾನು ಹೊಲಿಗೆಯವಳು. ಅವಳು ನನಗಿಂತ ಹದಿನೈದು ವರ್ಷಕ್ಕಾದರೂ ದೊಡ್ಡವಳು. ಮಳೆಗಾಲದಲ್ಲಿ ಕಂಡವರ ಗದ್ದೆಯಲ್ಲಿ ನಾಟಿ ಕೂಲಿ. ಮಳೆ ಬಿಟ್ಟ ಮೇಲೆ ಮನೆ ಹಿಂದಿನ ತುಂಡು ಜಾಗದಲ್ಲಿ ಬಸಳೆ, ಹರಿವೆ, ಗೆಣಸು ಬೆಳೆದು ರವಿವಾರ ಕಾರವಾರದ ಸಂತೆಗೆ ಒಯ್ಯುತ್ತಿದ್ದಳು. ಮಗ ಕೈಗಾದಲ್ಲಿ ಗುತ್ತಿಗೆ ಕೆಲಸಕ್ಕೆ ಹೋಗುತ್ತಾನೆ. ಬೆಳಿಗ್ಗೆ ಕಂಪನಿ ಬಸ್ಸು ಹಿಡಿದರೆ ತಿರುಗಿ ಬರುವುದು ದೀಪ ಹಚ್ಚಿದ ಮೇಲೆ. ನಾನು ಅವಳಿಗೆ ‘ಅಕ್ಕಾ’ ಅನ್ನುತ್ತಿದ್ದೆ, ಅವಳು ನನಗೆ ‘ತಂಗೀ’. ಒಮ್ಮೆ ಸಭೆಯಲ್ಲಿ ಮರ್ಯಾದೆಗೆಂದು ‘ಅವರು’ ಎಂದುಬಿಟ್ಟೆ. ಹೊರಗೆ ಬಂದ ಮೇಲೆ ಸೆರಗು ಹಿಡಿದು ನಿಲ್ಲಿಸಿ, “ನಾ ಎಂತಾ ಸತ್ತೋಗಿದ್ನೇ ನಿಂಗೆ, ಅವ್ರು ಇವ್ರು ಹೇಳೂಕೆ?” ಎಂದು ಕೇಳಿದಳು. ಈಗ ಸತ್ತಿದ್ದಾಳೆ. ಆದರೂ ಅವಳು ಎಂದೇ ಬರೆಯುತ್ತೇನೆ.

ಒಳ್ಳೆಯವಳು, ಸಾಧ್ವಿ ಎಂದೆಲ್ಲ ಹೇಳಿದರೆ ಅವಳೇ ಎದ್ದು ಬಂದು ಬೈದಾಳು. ಬಾಯಿ ಜೋರು. ಎಲೆಯಡಿಕೆಯ ಕವಳ ಹಾಕಿದರೆ ಅರ್ಧ ಮಾತು ಕವಳದ ಒಳಗೇ ಉಳಿಯುತ್ತಿತ್ತು, ಉಳಿದರ್ಧ ಇಡೀ ಕೇರಿಗೆ ಕೇಳುತ್ತಿತ್ತು. ರವಿಕೆಯ ಮಟ್ಟಿಗೆ ಅವಳಷ್ಟು ಗೋಳು ಹೊಯ್ದುಕೊಂಡ ಗಿರಾಕಿ ನನಗೆ ಇನ್ನೊಬ್ಬಳಿಲ್ಲ. ತೋಳು ಗಿಡ್ಡ ಆಯಿತು ಎಂದು ಬಿಚ್ಚಿಸುವಳು, ಉದ್ದ ಆಯಿತು ಎಂದು ಮತ್ತೆ ಬಿಚ್ಚಿಸುವಳು. “ಮೀಟಿಂಗಿಗೆ ಹಾಕ್ಕಂಡ್ ಹೋಗೂದೇ ಇದು. ಕೈ ಎತ್ತಿದ್ರೆ ಕಂಕ್ಳು ಹರಿಯೂಕಾಗ. ನಾ ಕೈ ಎತ್ತೂದು ಬಾಳಾ ಇದೆ” ಎನ್ನುತ್ತಿದ್ದಳು. ನಿಜವಾಗಿಯೂ ಕಂಕುಳಲ್ಲಿ ಒಂದು ಬೆರಳು ಬಟ್ಟೆ ಹೆಚ್ಚು ಬಿಟ್ಟು ಹೊಲಿಯುತ್ತಿದ್ದೆ.

ಅವಳದೊಂದು ಕೊಡೆ ಇತ್ತು, ಗಂಡಸರು ಹಿಡಿಯುವಂಥ ಉದ್ದ ಕೋಲಿನ ಕರಿ ಕೊಡೆ. ನಮ್ಮ ಕಡೆಯ ಬಸ್ಸಿನ ಪದ್ಧತಿ ಗೊತ್ತಿದ್ದವರಿಗೆ ಹೇಳಬೇಕಾಗಿಲ್ಲ. ಬಸ್ಸು ನಿಲ್ಲುವುದಕ್ಕೆ ಮೊದಲೇ ಕಿಟಕಿಯಿಂದ ಟವೆಲ್ಲೋ ಚೀಲವೋ ಒಳಗೆ ಹಾಕಿದರೆ ಆ ಸೀಟು ಹಾಕಿದವರದ್ದು. ಆಮೇಲೆ ಹತ್ತು ಜನ ಹತ್ತಿದರೂ ಅದನ್ನು ಎತ್ತಿ ಕೂರುವ ಧೈರ್ಯ ಯಾರೂ ಮಾಡುವುದಿಲ್ಲ. ಮಾಡಿದರೆ ಜಗಳ, ಜಗಳದಲ್ಲಿ ಇಡೀ ಬಸ್ಸು ಟವೆಲ್ಲಿನವರ ಪರ. ಅವಳು ಟವೆಲ್ಲಿನ ಬದಲು ಕೊಡೆ ಹಾಕುತ್ತಿದ್ದಳು. ರವಿವಾರ ಸಂತೆ ಮುಗಿದು ಕಾರವಾರದ ಬಸ್‌ಸ್ಟ್ಯಾಂಡಿನಲ್ಲಿ ಅಂಕೋಲೆ ಬಸ್ಸು ತಿರುಗುವಾಗ ಕಿಟಕಿಯಿಂದ ಆ ಕೊಡೆ ಒಳಗೆ ಹೋಯಿತೆಂದರೆ, ನಾವು ಬಿಣಗಾ ದಾಟುವವರೆಗೂ ಸೊಂಟ ಊರಿ ಕೂತು ಬರಬಹುದು. ಒಮ್ಮೆ ಪ್ಯಾಂಟು ತೊಟ್ಟ ಒಬ್ಬ ಸಾಹೇಬ ಕೊಡೆ ಸರಿಸಿ ಕೂತಿದ್ದ. ಅವನನ್ನು ಎಬ್ಬಿಸಿಯೇ ಎಬ್ಬಿಸಿದಳು. “ಕೊಡೆ ಇದ್ರೆ ನಾ ಇದ್ದಂಗೇ ಲೆಕ್ಕ ತಮಾ. ಎಲ್ ಓದಿದ್ದೆ ನೀ? ಇಷ್ಟೂ ಗೊತ್ತಿಲ್ಲಾ?”

ಪಂಚಾಯ್ತಿಗೆ ಬಂದ ಮೇಲೂ ಇದೇ ಲೆಕ್ಕ ನಡೆಯುತ್ತದೆ ಎಂದು ತಿಳಿದಳು. ತಪ್ಪಿದ್ದು ಅಲ್ಲೇ. ಆದರೆ ಅದನ್ನು ಅವಳ ತಪ್ಪು ಎನ್ನುವವರ ನಾಲಿಗೆಗೆ ಮೂಳೆ ಇಲ್ಲ.

ಪಂಚಾಯ್ತಿಯಲ್ಲಿ ಬೇರೆ ಬೇರೆ ಸಮಿತಿಗಳಿವೆ. ಕೃಷಿ, ಮೀನು, ಕೆರೆಕಟ್ಟೆ ಇವೆಲ್ಲ ಉತ್ಪಾದನಾ ಸಮಿತಿಗೆ ಸೇರಿದ್ದು, ಅದಕ್ಕೆ ಅಧ್ಯಕ್ಷರೇ ಯಜಮಾನರು. ಬಡವರು, ಹೆಂಗಸರು, ಹಿಂದುಳಿದವರ ವಿಷಯ ಸಾಮಾಜಿಕ ನ್ಯಾಯ ಸಮಿತಿಗೆ, ಅದನ್ನು ಉಪಾಧ್ಯಕ್ಷರು ನಡೆಸುತ್ತಾರೆ. ಅವಳು ಎರಡರಲ್ಲೂ ಇದ್ದಳು. ನಾನು ಎರಡನೆಯದರಲ್ಲಿ ಮಾತ್ರ. ಪಿಡಿಓಗೆ ಇನ್ನೊಂದು ಪಂಚಾಯ್ತಿಯ ಉಸ್ತುವಾರಿಯೂ ಇದ್ದುದರಿಂದ ನಮ್ಮಲ್ಲಿಗೆ ಬರುವ ದಿನವೇ ಎಲ್ಲ ಸಭೆ ಮುಗಿಸಿಬಿಡುವ ರೂಢಿ. ದೊಡ್ಡ ಕೋಣೆಯಲ್ಲಿ ಒಂದು, ಕಂಪ್ಯೂಟರ್ ಇರುವ ಸಣ್ಣ ಕೋಣೆಯಲ್ಲಿ ಇನ್ನೊಂದು, ಎರಡೂ ಬೆಳಿಗ್ಗೆ ಹನ್ನೊಂದಕ್ಕೆ. ಬಂದ ಕೂಡಲೇ ಸಹಿ, ಆಮೇಲೆ ಚಾ, ಆಮೇಲೆ ಸಭೆ. ನಡೆದದ್ದನ್ನು ಸಹಿಯ ಮೇಲಿನ ಖಾಲಿ ಜಾಗದಲ್ಲಿ ಪಿಡಿಓ ಬಿಡುವಾದಾಗ ಬರೆಯುತ್ತಾರೆ. ಎಲ್ಲರಿಗೂ ಇದು ಅನುಕೂಲ. ಮಧ್ಯಾಹ್ನದ ಮೀನೂಟಕ್ಕೆ ಮನೆ ಸೇರಬಹುದಲ್ಲ!

ಮೊದಲನೇ ತಿಂಗಳಿಂದಲೇ ಅವಳು ತಕರಾರು ತೆಗೆದಳು. “ಇರೂದು ಒಂದ್ ಬಾಯಿ. ಉಣ್ಣೂದೂ ಉಗಿಯೂದೂ ಒಂದೇ ಹೊತ್ತಿಗೆ ಆತದ್ಯಾ? ಒಂದ್ ಮುಗ್ದಮೇಲೆ ಒಂದ್ ಇಡ್ರಿ.”

ಪಿಡಿಓ ಘಟ್ಟದ ಮೇಲಿನವರು, ಧಾರವಾಡದ ಕಡೆಯವರು. “ಹಂಗ್ ಒಂದೇ ಟೈಮಿಗೆ ಇಡಬಾರದು ಅಂತ ನಿಯಮದಾಗ ಎಲ್ಲೂ ಇಲ್ರೀ ಅಕ್ಕಾರ” ಎಂದರು.

“ನಿಯಮದಾಗ ಇಲ್ಲಾ ಹೇಳಿ ಎರಡು ಕಾಲೂ ಒಟ್ಟಿಗೆ ಎತ್ತತ್ರ್ಯಾ ನೀವು?”

ಎಲ್ಲರೂ ನಕ್ಕರು. ಅವಳು ನಗಲಿಲ್ಲ. ಮುಂದಿನ ತಿಂಗಳಿಂದ ಕೊಡೆಯ ಉಪಾಯ ಹೂಡಿದಳು. ದೊಡ್ಡ ಕೋಣೆಯಲ್ಲಿ ತನ್ನ ಕುರ್ಚಿಯ ಮೇಲೆ ಕೊಡೆ ಅಡ್ಡ ಇಟ್ಟು, “ನಾ ಅಲ್ಲಿ ಮುಗ್ಸಿ ಬರೂ ತನಕ ಇಲ್ಲಿ ಸುರು ಮಾಡೂಕಿಲ್ಲಾ” ಎಂದು ಅಧ್ಯಕ್ಷರಿಗೇ ತಾಕೀತು ಮಾಡಿ ನಮ್ಮ ಸಣ್ಣ ಕೋಣೆಗೆ ಬರುತ್ತಿದ್ದಳು. ಅಧ್ಯಕ್ಷರು ಸಿಹಿ ಮಾತಿನವರು, ಬೆಲ್ಲದಲ್ಲಿ ಅದ್ದಿ ತೆಗೆದಂಥ ನಾಲಿಗೆ. “ಆಯ್ತು ಅಕ್ಕಾ, ನಿಮ್ಮ ಕೊಡೆ ಕಾಯ್ತಾ ಕೂತ್ಕಂತೆವು” ಎನ್ನುತ್ತಿದ್ದರು. ನಾಲ್ಕೈದು ಸಲ ನಿಜವಾಗಿಯೂ ಕಾದರು. ಚರ್ಚೆ ಇದ್ದದ್ದು ಕುರಿ ಸಾಲ, ತೆಂಗಿನ ಸಸಿ ಇಂಥದ್ದು. ಕಾದರೆ ಕಳೆದುಕೊಳ್ಳುವುದೇನೂ ಇರಲಿಲ್ಲ.

ಆಮೇಲೆ ಸಿಗಡಿಯವನು ಬಂದ.

ನಮ್ಮ ಊರಿನ ಬುಡದಲ್ಲಿ ಗಜನಿ ಇದೆ. ಗಜನಿ ಎಂದರೆ ಹಿನ್ನೀರಿನ ಪಕ್ಕದ ತಗ್ಗು ಗದ್ದೆ. ಕಟ್ಟೆ ಕಟ್ಟಿ, ಕಟ್ಟೆಯ ಬಾಯಿಗೆ ಮರದ ಹಲಗೆ ಇಳಿಸಿ ಉಪ್ಪುನೀರನ್ನು ಹೊರಗೆ ತಡೆಯುತ್ತಾರೆ. ಮಳೆ ಬಂದು ಮಣ್ಣಿನ ಉಪ್ಪು ತೊಳೆದ ಮೇಲೆ ಕಗ್ಗ ಭತ್ತ ಬಿತ್ತುತ್ತಾರೆ. ಹಲಗೆ ಇಳಿದಿದ್ದರೆ ಗದ್ದೆಯೂ ಉಳಿಯಿತು, ಮೇಲಿನ ಕೇರಿಯ ಬಾವಿಯೂ ಸಿಹಿಯಾಗಿ ಉಳಿಯಿತು. ಗದ್ದೆ ಕೊಯ್ದ ಮೇಲೆ ಸ್ವಲ್ಪ ದಿನ ಹಲಗೆ ಎತ್ತಿ ಮೀನು ಹಿಡಿಯುವುದು ಹಳೇ ಪದ್ಧತಿ. ಬಂದವನಿಗೆ ಅಷ್ಟು ಸಾಲದು. ವರ್ಷವಿಡೀ ಹಲಗೆ ಎತ್ತಿಯೇ ಇಡಬೇಕು, ವರ್ಷವಿಡೀ ಉಪ್ಪುನೀರು ನಿಲ್ಲಬೇಕು, ಸಿಗಡಿ ಸಾಕಬೇಕು. ಗದ್ದೆಯ ಒಡೆಯರು ಮುಕ್ಕಾಲು ಪಾಲು ಮುಂಬೈಯಲ್ಲೋ ಗೋವಾದಲ್ಲೋ ಇದ್ದಾರೆ. ಅವರು ಅಲ್ಲಿಂದಲೇ ಒಪ್ಪಿದರು. ಉಳಿದದ್ದು ಪಂಚಾಯ್ತಿಯ ಒಪ್ಪಿಗೆ, ಅದು ಉತ್ಪಾದನಾ ಸಮಿತಿಯಿಂದ ಬರಬೇಕು. ಆ ಸಮಿತಿಯಲ್ಲಿ ಗಟ್ಟಿಯಾಗಿ ‘ಒಲ್ಲೆ’ ಎನ್ನುವ ಬಾಯಿ ಒಂದೇ ಇತ್ತು. ಅವಳ ಬಾವಿ ಗಜನಿಗೆ ಎಲ್ಲಕ್ಕಿಂತ ಹತ್ತಿರ.

ಅವಳ ತವರು ಕದ್ರಾದ ಕಡೆ, ಕಾಳಿ ಹೊಳೆಯ ದಂಡೆ. ನೀರಿನ ಮಾತು ಬಂದರೆ ಅವಳು ಅಲ್ಲಿಂದಲೇ ಸುರು ಮಾಡುವಳು. “ನಮ್ ಕದ್ರಾದಲ್ಲಿ ಡ್ಯಾಮಿಂದ ನೀರ್ ಬಿಡೂ ಮುಂಚೆ ಸೈರನ್ ಕೂಗ್ತದೆ. ದನಾ ಕಟ್ಕಣಿ, ಮಕ್ಳ್ನಾ ಕರ್ಕಣಿ ಹೇಳಿ. ಸಿಹಿ ನೀರಿಗೇ ಅಷ್ಟ್ ಮಾಡ್ತ್ರು. ಇವ್ರು ಉಪ್ಪುನೀರು ಬಿಡೂಕೆ ಹೊಂಟಿದ್ರು, ಉಸ್ರೂ ಇಲ್ಲಾ!” ಕೇರಿಯ ಪ್ರತಿ ಮನೆಯ ಜಗುಲಿಯಲ್ಲಿ ಕೂತು ಇದನ್ನು ಹೇಳಿದ್ದಳು. ಸಮಿತಿಯಲ್ಲಿ ತಾನು ಕೈ ಎತ್ತಿ ‘ಒಲ್ಲೆ’ ಹೇಳುತ್ತೇನೆ, ಹಲಗೆ ಏಳುವುದಿಲ್ಲ, ನೀವೆಲ್ಲ ನಿಶ್ಚಿಂತೆಯಿಂದ ಇರಿ ಎಂದು ಮಾತು ಕೊಟ್ಟಿದ್ದಳು.

ಸಭೆಯ ನೋಟೀಸು ಬಂತು. ಎರಡೂ ಸಮಿತಿ ಅದೇ ದಿನ, ಅದೇ ಹನ್ನೊಂದಕ್ಕೆ. ಉತ್ಪಾದನಾ ಸಮಿತಿಗೆ ಸಿಗಡಿಯ ವಿಷಯ. ಸಾಮಾಜಿಕ ನ್ಯಾಯ ಸಮಿತಿಗೆ ಗಾಳಿಗೆ ಮಾಡು ಹಾರಿಹೋದ ಒಬ್ಬ ಬಡ ವಿಧವೆಯ ಮನೆಯ ರಿಪೇರಿ. ಅವಳು ಆ ಮನೆಗಾಗಿ ಎರಡು ವರ್ಷ ಓಡಾಡಿದ್ದಳು, ಅದು ಅಧ್ಯಕ್ಷರಿಗೆ ಚೆನ್ನಾಗಿ ಗೊತ್ತು. ಅಲ್ಲಿ ಅವಳಿಲ್ಲದಿದ್ದರೆ, ನನ್ನೊಬ್ಬಳ ಮಾತಿಗೆ ಸೊಪ್ಪು ಹಾಕದೆ, ಉಪಾಧ್ಯಕ್ಷರು ಆ ಹೆಸರನ್ನು ಬಿಟ್ಟು ತಮ್ಮ ಭಾವನ ಹೆಸರು ಹಾಕುತ್ತಾರೆ ಎಂಬುದೂ ಗೊತ್ತು. ಒಂದು ಕೋಣೆಗೆ ಹೋದರೆ ಇನ್ನೊಂದು ಕೋಣೆಯಲ್ಲಿ ಸೋಲು. ಇಂಥ ಬುದ್ಧಿ ರಸ್ತೆ ಮಾಡಲಿಕ್ಕೆ, ಚರಂಡಿ ಮಾಡಲಿಕ್ಕೆ ಇವರಿಗೆ ಯಾಕೆ ಬರುವುದಿಲ್ಲ ಎಂದು ನನಗೆ ಈಗಲೂ ತಿಳಿದಿಲ್ಲ.

ಅವಳು ಎಂದಿನಂತೆ ಬಂದಳು. ಎರಡೂ ಕಡೆ ಸಹಿ ಹಾಕಿದಳು. ದೊಡ್ಡ ಕೋಣೆಯಲ್ಲಿ ಕೊಡೆ ಇಟ್ಟಳು. “ಅಧ್ಯಕ್ಷರೇ, ಇವತ್ತು ನಾ ಇಲ್ದೆ ಬಾಯಿ ತೆಗೂಕಾಗ” ಎಂದು ಬೆರಳು ತೋರಿಸಿ ಹೇಳಿದ್ದನ್ನು ನಾನು ಬಾಗಿಲಲ್ಲಿ ನಿಂತು ಕೇಳಿದ್ದೇನೆ. ಅಧ್ಯಕ್ಷರು ಕೈಮುಗಿದು, “ಹೋಗ್ಬನ್ನಿ ಅಕ್ಕಾ” ಎಂದದ್ದನ್ನೂ ಕೇಳಿದ್ದೇನೆ.

ನಮ್ಮ ಕೋಣೆಯಲ್ಲಿ ಆ ದಿನ ಉಪಾಧ್ಯಕ್ಷರು ಎಂದೂ ಇಲ್ಲದ ತಾಳ್ಮೆ ತೋರಿಸಿದರು. ಪ್ರತಿ ಅರ್ಜಿಯನ್ನೂ ಪೂರ್ತಿ ಓದಿಸಿದರು. ಎರಡು ಸಲ ಚಾ ತರಿಸಿದರು. ಅವಳು ಕುರ್ಚಿಯ ತುದಿಯಲ್ಲಿ ಕೂತು ಕುದಿಯುತ್ತಿದ್ದಳು. ವಿಧವೆಯ ಹೆಸರನ್ನು ಬರೆಸಿಯೇ ಎದ್ದಳು. ಗೆದ್ದೆವು ಎಂದು ನನ್ನ ಭುಜಕ್ಕೆ ಗುದ್ದಿ ದೊಡ್ಡ ಕೋಣೆಗೆ ಓಡಿದಳು. ಅಲ್ಲಿ ಯಾರೂ ಇರಲಿಲ್ಲ. ಚಾದ ಲೋಟಗಳಿದ್ದವು, ಕುರ್ಚಿಯ ಮೇಲೆ ಕೊಡೆ ಇಟ್ಟಲ್ಲೇ ಇತ್ತು. ಅಟೆಂಡರ್ ಹೇಳಿದ: “ಇವತ್ತು ಎಂತದೂ ಆಗ್ಲಿಲ್ಲ ಅಕ್ಕಾ, ಮುಂದೆ ಹಾಕಿದ್ರು.” ಅವನಿಗೆ ಹಾಗೆ ಹೇಳಲು ಹೇಳಿದವರು ಯಾರು ಎಂದು ಬರೆಯಬೇಕೆ?

ಮುಂದಿನ ಸಾಮಾನ್ಯ ಸಭೆಯಲ್ಲಿ ಪಿಡಿಓ ಓದಿದರು. ಸಿಗಡಿ ಸಾಕಣೆಗೆ ಉತ್ಪಾದನಾ ಸಮಿತಿಯ ಒಪ್ಪಿಗೆ, ಹಾಜರಿದ್ದ ಎಲ್ಲ ಸದಸ್ಯರಿಂದ ಸರ್ವಾನುಮತ. ಹಾಜರಿದ್ದವರ ಹೆಸರು ಓದಿದರು. ಅವಳ ಹೆಸರೂ ಬಂತು. ಆ ದಿನ ಒಬ್ಬ ಸದಸ್ಯ ಬಂದಿರಲಿಲ್ಲವಂತೆ, ಅವಳನ್ನು ಬಿಟ್ಟರೆ ಕೋರಂ ಆಗುತ್ತಿರಲಿಲ್ಲವಂತೆ. ಹಾಗಾಗಿ ಅವಳನ್ನು ಬಿಡಲಿಲ್ಲ.

ಅವಳು ಎದ್ದಳು. ಕವಳ ಉಗಿದು ಬಂದು ಮಾತಾಡಿದಳು, ಅಂದರೆ ಎಷ್ಟು ಸಿಟ್ಟಿತ್ತು ಎಂದು ತಿಳಿಯಿರಿ. “ನಾ ಅಲ್ಲಿ ಇಲ್ಲಾಗಿತ್ತು. ನಾ ಹೂಂ ಅಂದಿಲ್ಲಾಗಿತ್ತು. ಹೊಡೀರಿ ಕಾಟು!”

ಅಧ್ಯಕ್ಷರು ನಗುತ್ತಲೇ ಹೇಳಿದರು: “ಅಕ್ಕಾ, ನಿಮ್ಮ ಸಹಿ ಅದೆ. ಮತ್ತೆ ಕೊಡೆ ಇದ್ರೆ ನಾ ಇದ್ದಂಗೇ ಲೆಕ್ಕ ಹೇಳಿ ನೀವೇ ಅಲ್ಲಾ ಹೇಳೂದು? ಕೊಡೆ ಇತ್ತು. ಕೊಡೆ ಬ್ಯಾಡಾ ಅನ್ಲಿಲ್ಲಾ.”

ಇಡೀ ಸಭೆ ಬಿದ್ದು ಬಿದ್ದು ನಕ್ಕಿತು. ನಕ್ಕವರನ್ನೆಲ್ಲ ನಾನು ಒಬ್ಬೊಬ್ಬರನ್ನಾಗಿ ನೋಡಿದೆ. ಅವಳ ಬಾವಿಯ ನೀರು ಕುಡಿದವರು ಅದರಲ್ಲಿ ಎಷ್ಟು ಜನ! ಬೇಸಿಗೆಯಲ್ಲಿ ತಮ್ಮ ಬಾವಿ ತಳ ಕಂಡಾಗ ಕೊಡ ಹಿಡಿದು ಅವಳ ಹಿತ್ತಲಿಗೆ ಬಂದವರು. ಥೂ! ಬಸ್ಸಿನಲ್ಲಿ ಒಬ್ಬಳು ಹೆಂಗಸಿನ ಕೊಡೆಗೆ ಸಿಗುವ ಮರ್ಯಾದೆ ಅವಳನ್ನು ಆರಿಸಿ ಕಳಿಸಿದ ಪಂಚಾಯ್ತಿಯಲ್ಲಿ ಸಿಗಲಿಲ್ಲ. ಬಸ್ಸಿನಲ್ಲಿ ಕೊಡೆ ಇಟ್ಟರೆ ಜಾಗ ಕಾಯುತ್ತಾರೆ. ಕೊಡೆಯ ಹತ್ತಿರ ಟಿಕೆಟ್ಟಿನ ದುಡ್ಡು ಕೇಳುವುದಿಲ್ಲ.

ಮರುದಿನವೇ ನನ್ನನ್ನು ಎಳೆದುಕೊಂಡು ಕಾರವಾರಕ್ಕೆ ಹೋದಳು. ಕೋರ್ಟಿನ ಹತ್ತಿರ ಒಬ್ಬರು ವಯಸ್ಸಾದ ವಕೀಲರಿದ್ದರು, ಸಂತೆಯಲ್ಲಿ ಅವಳ ಬಸಳೆಯ ಖಾಯಂ ಗಿರಾಕಿ. ಮನೆಯಲ್ಲಿ ಕೊಂಕಣಿ, ನಮ್ಮ ಹತ್ತಿರ ಕನ್ನಡ. ಅವಳು ಕೇಳಿದ್ದು ಒಂದೇ ಪ್ರಶ್ನೆ: “ಒಡೆಯಾ, ಒಂದ್ ಮನ್ಷಾ ಎರಡ್ ಕಡೆ ಇರೂಕೆ ಆಗೂದಿಲ್ಲಾ ಹೇಳಿ ಕಾಯ್ದೆಯಲ್ಲಿ ಎಲ್ಲೂ ಬರ್ದಿಲ್ವ್ಯಾ?”

ವಕೀಲರು ಕನ್ನಡಕ ತೆಗೆದು ಒರೆಸಿದರು. “ನಿಮ್ಮ ಪಂಚಾಯ್ತಿ ನಿಯಮದಲ್ಲಿ ನಂಗೆ ಕಾಣೂದಿಲ್ಲ ಬಾಯೀ. ದಿಲ್ಲೀಲಿ ಉಂಟು. ಪಾರ್ಲಿಮೆಂಟ್ ನಡೀವಾಗ ಬದಿ ಕೋಣೇಲಿ ಸಮಿತಿ ಕೂತಿದ್ರೆ, ಆಚೆ ಸದನದಲ್ಲಿ ಮತಕ್ಕೆ ಹಾಕೂ ಹೊತ್ತಿಗೆ ಗಂಟೆ ಹೊಡೀತ್ರು. ಗಂಟೆ ಕೇಳ್ದ ಕೂಡ್ಲೇ ಸಮಿತಿ ಅಧ್ಯಕ್ಷ ಸಭೆ ನಿಲ್ಸಬೇಕು. ಮೆಂಬರು ಹೋಗಿ ಮತ ಹಾಕಿ ಬರೂ ತನಕ ಇಲ್ಲಿ ಸುರು ಮಾಡೂ ಹಾಂಗಿಲ್ಲ.”

ಅವಳ ಮುಖ ನೋಡಬೇಕಿತ್ತು ಆಗ. ಬಾಯಿ ತೆರೆದುಕೊಂಡು ಕೂತುಬಿಟ್ಟಳು. “ಅಬಾ! ನಾ ಹೇಳ್ದದ್ದೇ ಅಲ್ಲ್ವೇನೇ ತಂಗೀ ಇದು? ನಾ ಬರೂ ತನಕ ಸುರು ಮಾಡೂಕಿಲ್ಲಾ ಹೇಳಿ? ಹಂಗಾರೆ ನಾ ಹುಚ್ಚಿ ಅಲ್ಲಾ!” ಎಂದಳು. ವಾಪಸ್ಸು ಬರುವಾಗ ಬಸ್ಸಿನಲ್ಲಿ ಪಕ್ಕದವರಿಗೆ, ಮುಂದಿನವರಿಗೆ, ಕಂಡಕ್ಟರನಿಗೆ ಎಲ್ಲರಿಗೂ ದಿಲ್ಲಿಯ ಗಂಟೆಯ ಕತೆ ಹೇಳಿದಳು. “ಅಲ್ಲಿ ದೊಡ್ ದೊಡ್ ಮಂತ್ರಿಗೂ ಎರಡ್ ಕಡೆ ಇರೂಕೆ ಆಗೂದಿಲ್ಲಾ ಹೇಳಿ ಅವ್ರಿಗೆ ಗೊತ್ತಿದೆ. ನಮ್ ಪಂಚಾಯ್ತಿಗೆ ಮಾತ್ರಾ ಗೊತ್ತಿಲ್ಲಾ.” ಅವಳನ್ನು ಅಷ್ಟು ಖುಷಿಯಲ್ಲಿ ಮತ್ತೆ ನಾನು ನೋಡಲಿಲ್ಲ.

ಮುಂದಿನ ಸಭೆಗೆ ಹೋಗುವಾಗ ಮನೆಯಿಂದ ಒಂದು ಹಿತ್ತಾಳೆ ಗಂಟೆ ತಂದಿದ್ದಳು, ಹಳೇ ಎಮ್ಮೆಯ ಕೊರಳಿನದು. ಅಧ್ಯಕ್ಷರ ಮೇಜಿನ ಮೇಲೆ ಅದನ್ನು ಕುಕ್ಕಿ ಇಟ್ಟಳು. ಒಂದು ಕೋಣೆಯಲ್ಲಿ ಏನಾದರೂ ನಿಶ್ಚಯ ಮಾಡುವ ಮೊದಲು ಈ ಗಂಟೆ ಬಾರಿಸಬೇಕು, ಇನ್ನೊಂದು ಕೋಣೆಯ ಸಭೆ ನಿಲ್ಲಬೇಕು, ಇದು ದಿಲ್ಲಿಯ ನಿಯಮ, ನಮ್ಮಲ್ಲೂ ಮಾಡಿ ಎಂದಳು. ಮತ್ತೆ, ಸಿಗಡಿಯ ಒಪ್ಪಿಗೆಯಿಂದ ತನ್ನ ಹೆಸರು ತೆಗೆಯಿರಿ ಎಂದಳು.

“ಇದು ಪಾರ್ಲಿಮೆಂಟ್ ಅಲ್ರೀ ಅಕ್ಕಾರ” ಎಂದರು ಪಿಡಿಓ.

“ಹಂಗಾರೆ ಸುಳ್ ಬರೆಯೂದ್ ಯಾಕೆ ಪಾರ್ಲಿಮೆಂಟಿನವ್ರ ಹಂಗೆ?” ಎಂದಳು. ನನಗೆ ಚಪ್ಪಾಳೆ ತಟ್ಟುವ ಹಾಗಾಯಿತು. ತಟ್ಟಿಯೂ ತಟ್ಟಿದೆ, ನಾನೊಬ್ಬಳೇ.

ಗಂಟೆಯ ವಿಷಯವನ್ನು ‘ಪರಿಶೀಲನೆಗೆ’ ಇಟ್ಟರು. ಹೆಸರು ತೆಗೆಯಬೇಕೆಂದರೆ ಮೇಲಿನ ಕಚೇರಿಗೆ ಬರೆದುಕೊಳ್ಳಿ ಎಂದರು. ವಕೀಲರಿಂದ ಬರೆಸಿ ಕಳಿಸಿದೆವು. ಒಮ್ಮೆ ವಿಚಾರಣೆಗೆ ಕರೆದರು, ಹೋದರೆ ಸಾಹೇಬರು ಬೇರೆ ಮೀಟಿಂಗಿನಲ್ಲಿದ್ದರು. ಇನ್ನೊಮ್ಮೆ ಕರೆದರು, ಸಾಹೇಬರಿಗೆ ಅದೇ ಹೊತ್ತಿಗೆ ಮತ್ತೆರಡು ಮೀಟಿಂಗು. ಹೊರಗಿನ ಬೆಂಚಿನಲ್ಲಿ ಕೂತು ಅವಳು, “ಇವ್ರಿಗೂ ನನ್ ರೋಗವೇ ಬಡ್ದಿದೆ, ಇವ್ರಿಗೊಂದ್ ಕೊಡೆ ಕೊಡ್ಸಬೇಕು” ಎಂದು ನಕ್ಕಳು. ನನಗೆ ನಗು ಬರಲಿಲ್ಲ. ನಾವು ಬೆಂಚು ಬಿಸಿ ಮಾಡುತ್ತಿದ್ದ ಆ ದಿನಗಳಲ್ಲೇ ಸಿಗಡಿಯವನ ಆಳುಗಳು ಕಟ್ಟೆಯ ಹಲಗೆ ಎತ್ತಿ, ತಿರುಗಿ ಇಳಿಸದಂತೆ ದಂಡೆಯ ಮೇಲೆ ಒಡೆದು ಹಾಕಿದರು.

ಮೊದಲು ಅವಳ ಬಾವಿ ಕೆಟ್ಟಿತು. ಬಸಳೆ ಚಪ್ಪರದ ಎಲೆ ಅಂಚಿನಿಂದ ಕರಟಿ ಬಂತು. ಅನ್ನ ಬೇಯಿಸಿದರೆ ಉಪ್ಪು, ಚಾ ಮಾಡಿದರೆ ಹಾಲು ಒಡೆಯಿತು. ಒಂದು ಬೇಸಿಗೆ ಕಳೆಯುವುದರೊಳಗೆ ಕೇರಿಯ ಉಳಿದ ಬಾವಿಗಳದೂ ಅದೇ ಕತೆ. ಪಂಚಾಯ್ತಿ ಟ್ಯಾಂಕರ್ ಕಳಿಸಿತು, ಅದರ ಮುಂದೆ ಅಧ್ಯಕ್ಷರು ನಿಂತು ಫೋಟೋ ತೆಗೆಸಿಕೊಂಡರು.

ಇಷ್ಟಾದರೂ ನಾನು ಸಹಿಸಿಕೊಳ್ಳುತ್ತಿದ್ದೆನೇನೋ. ಸಹಿಸಲಾಗದ್ದು ಟ್ಯಾಂಕರಿನ ಮುಂದೆ ನಡೆದದ್ದು. ಅವಳು ಸಾಲಿನಲ್ಲಿ ಕೊಡ ಇಟ್ಟಿದ್ದಳು. ಅವಳ ಎದುರು ಮನೆಯ ಹೆಂಗಸು, ದಿನಾ ಅವಳ ಜಗುಲಿಯಲ್ಲಿ ಕೂತು ಕವಳ ಹಂಚಿಕೊಂಡವಳು, ಕಾಲಲ್ಲಿ ಆ ಕೊಡವನ್ನು ಆಚೆ ತಳ್ಳಿದಳು. “ಪಂಚಾಯ್ತಿಯಲ್ಲಿ ಹೂಂ ಅಂದ್ ಬಂದವ್ಳಿಗೆ ನೀರೆಂತಕೆ? ಸಿಗಡಿಯವ್ನ ಹತ್ರ ಕೇಳು. ಎಷ್ಟ್ ತಿಂದೆ ಅವ್ನ ಹತ್ರ?”

ಈಗ ಇವಳು ಬಾಯಿ ತೆಗೆದು ಕೇರಿ ಹಾರಿಸುತ್ತಾಳೆ ಎಂದು ನಾನು ಕಾದೆ. ಅವಳು ಉರುಳಿದ ಕೊಡ ಎತ್ತಿಕೊಂಡು ಮನೆಗೆ ಹೋದಳು. ನಾನು ಆ ಹೆಂಗಸಿಗೆ ಬಾಯಿಗೆ ಬಂದಂತೆ ಬೈದೆ. ಅದರಿಂದ ಎಂತದೂ ಆಗಲಿಲ್ಲ. ಸರ್ಕಾರಿ ಪುಸ್ತಕದಲ್ಲಿ ಇದ್ದದ್ದು ಸುಳ್ಳಾಗುತ್ತದೆಯೇ, ಇವಳ ಸಹಿಯೇ ಉಂಟಲ್ಲ ಎನ್ನುವವರೇ ಎಲ್ಲ.

ಅಂದಿನಿಂದ ಅವಳು ಟ್ಯಾಂಕರಿಗೆ ಬರಲಿಲ್ಲ. ಸೊಸೆ ನೀರು ಹಿಡಿದು ತಂದರೆ ಅಡಿಗೆಗೆ ಬಳಸಗೊಡುತ್ತಿದ್ದಳು, ತಾನು ಮಾತ್ರ ಕುಡಿಯುತ್ತಿರಲಿಲ್ಲ. “ನಂಗೆ ನನ್ ಬಾವಿದೇ ಸಾಕು” ಎನ್ನುತ್ತಿದ್ದಳು. ಮೊದಲೇ ರಕ್ತದೊತ್ತಡ ಇದ್ದವಳು. ಅಂಕೋಲೆಯ ಡಾಕ್ಟರು ಉಪ್ಪು ಮುಟ್ಟಬೇಡ ಎಂದು ಹೇಳಿದ್ದರು. ನಾನು ಕಾಲು ಹಿಡಿಯುವುದೊಂದು ಬಾಕಿ. “ಹಟ ಮಾಡಬೇಡ ಅಕ್ಕಾ, ಯಾರ ಮೇಲೆ ಹಟ ಇದು?” ಎಂದರೆ, “ನಾ ಒಲ್ಲೆ ಅಂದ್ರೆ ಒಲ್ಲೆ. ಇದಾದ್ರೂ ನನ್ ಹೆಸ್ರಲ್ಲಿ ಇರ್ಲಿ” ಎಂದಳು. ಅವಳ ಮೇಲೂ ನನಗೆ ಸಿಟ್ಟಿದೆ. ಸತ್ತವರ ಮೇಲೆ ಸಿಟ್ಟು ಮಾಡಬಾರದು ಎನ್ನುತ್ತಾರೆ. ಆದರೆ ಇದೆ, ಏನು ಮಾಡಲಿ? ಒಂದು ಬೆಳಿಗ್ಗೆ ಹಿತ್ತಲಲ್ಲಿ ಬಿದ್ದವಳು ಏಳಲಿಲ್ಲ. ಮಗ ಕೈಗಾದಿಂದ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಹನ್ನೆರಡನೇ ದಿನದ ಊಟಕ್ಕೆ ಅಧ್ಯಕ್ಷರು ಬಂದರು. ಚುನಾವಣೆ ಹತ್ತಿರ, ಸಾವಿನ ಮನೆಯನ್ನು ಯಾರೂ ತಪ್ಪಿಸುವುದಿಲ್ಲ. ಜೊತೆಗೆ ಪಂಚಾಯ್ತಿಯ ಕಡೆಯಿಂದ ಎಂದು ಕುಡಿಯುವ ನೀರಿನ ಕ್ಯಾನುಗಳನ್ನು ತಂದು ಅಂಗಳದಲ್ಲಿ ಇಳಿಸಿದರು. ಮಗನ ಹೆಗಲ ಮೇಲೆ ಕೈ ಹಾಕಿ, ನಿನ್ನ ತಾಯಿ ನನಗೆ ಸ್ವಂತ ಅಕ್ಕ ಇದ್ದಂತೆ ಎಂದರು. ಅವನು ಪಾಪ, ತಲೆ ತಗ್ಗಿಸಿ ನಿಂತಿದ್ದ. ಚಪ್ಪರದಡಿ ಬಾಳೆ ಎಲೆ ಹಾಕಿದ್ದರು. ಅಧ್ಯಕ್ಷರು ಮೊದಲ ಪಂಕ್ತಿಯ ನಡುವೆ ಕೂತರು. ಎದುರಿನ ಪಂಕ್ತಿಯಲ್ಲಿ ಕೇರಿಯ ಹೆಂಗಸರು. ಬಡಿಸುವವರಲ್ಲಿ ನಾನೂ ಒಬ್ಬಳು, ನನ್ನ ಪಾಲಿಗೆ ಬಂದದ್ದು ನೀರು.

ನಾನು ಕ್ಯಾನಿನ ಹತ್ತಿರ ಹೋಗಲಿಲ್ಲ. ಹಿತ್ತಲಿಗೆ ಹೋಗಿ ಬಾವಿಯಿಂದ ಒಂದು ಕೊಡಪಾನ ಸೇದಿದೆ. ಸೊಸೆ ನೋಡಿದಳು, ನನಗೆ ದಾರಿ ಬಿಟ್ಟಳು. ತಂಬಿಗೆ ತುಂಬಿಸಿಕೊಂಡು ಬಂದು ಅಧ್ಯಕ್ಷರ ಲೋಟಕ್ಕೆ ಕಂಠದವರೆಗೆ ಹಾಕಿದೆ.

ಮೊದಲ ತುತ್ತಿಗೇ ಅವರು ನೀರು ಎತ್ತಿದರು. ಬಾಯಿಗೆ ತುಂಬಿಕೊಂಡವರು ಹಾಗೇ ಕೂತುಬಿಟ್ಟರು. ಕಣ್ಣು ದೊಡ್ಡದಾಯಿತು. ಸತ್ತವರ ಹೆಸರಿನ ಎಲೆಯ ಮುಂದೆ ಕೂತು ಉಗಿಯುವಂತಿಲ್ಲ, ಪಂಕ್ತಿಯಿಂದ ನಡುವೆ ಏಳುವಂತಿಲ್ಲ. ಇಷ್ಟು ನಿಯಮ ಅಧ್ಯಕ್ಷರಿಗೂ ಗೊತ್ತಿತ್ತು. ನುಂಗಿದರು. ಗಂಟಲ ಮಣಿ ಮೇಲೆ ಹೋಗಿ ಕೆಳಗೆ ಬಂದದ್ದನ್ನು ನಾನು ಕಣ್ಣು ಮಿಟುಕಿಸದೆ ನೋಡಿದೆ.

“ಎಂತಾ ನೀರು ಇದು?” ಎಂದರು ಮೆಲ್ಲಗೆ.

“ಅವಳ ಬಾವಿದು ಅಧ್ಯಕ್ಷರೇ. ನೀವು ಒಪ್ಪಿಗೆ ಕೊಟ್ಟದ್ದು” ಎಂದೆ. ಮೆಲ್ಲಗೆ ಹೇಳಲಿಲ್ಲ.

ಆಗ ಎದುರು ಸಾಲಿನಿಂದ ಒಂದು ಕೈ ಲೋಟ ಚಾಚಿತು. ನೋಡಿದರೆ ಕೊಡ ತಳ್ಳಿದ ಆ ಎದುರು ಮನೆಯ ಹೆಂಗಸು. “ನಂಗೂ ಅದೇ ಹಾಕು” ಎಂದಳು. ಹಾಕಿದೆ. ಗಟಗಟ ಕುಡಿದು ಲೋಟ ಕೆಳಗಿಟ್ಟಳು, ಸೆರಗಿನಿಂದ ಬಾಯಿ ಒರೆಸಿಕೊಂಡಳು. ಅಧ್ಯಕ್ಷರನ್ನೇ ನೋಡುತ್ತ, ಇಡೀ ಚಪ್ಪರಕ್ಕೆ ಕೇಳುವಂತೆ ಹೇಳಿದಳು:

“ಇದ್ಕೆ ಅವ್ಳು ಹೂಂ ಅಂದಿಲ್ಲಾಗಿತ್ತು.”

ಇವಳು ಇದೇ ಮಾತನ್ನು ಟ್ಯಾಂಕರಿನ ಮುಂದೆ ಹೇಳಿದ್ದರೆ ಅವಳು ಇನ್ನೊಂದಷ್ಟು ದಿನ ಸಿಹಿ ನೀರು ಕುಡಿದು ಬದುಕುತ್ತಿದ್ದಳು. ನಾನು ಅದನ್ನು ಆ ಹೆಂಗಸಿನ ಮುಖದ ಮೇಲೇ ಹೇಳಿ, ತಂಬಿಗೆ ಹಿಡಿದು ಅಧ್ಯಕ್ಷರ ಪಕ್ಕದವರ ಲೋಟಕ್ಕೆ ಬಗ್ಗಿದೆ.